ಖಾಸಗಿ ಶಟಲ್ ಕೋಚಿಂಗ್: ತಿಂಗಳ ಫೀಸಿಗೆ ಎಷ್ಟು ನಿಮಿಷ ಸಿಗುತ್ತದೆ?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ಒಂದು ತಗಡಿನ ಶೆಡ್ಡು, ಅದರೊಳಗೆ ಮೂರೋ ನಾಲ್ಕೋ ಹಸಿರು ಮ್ಯಾಟಿನ ಕೋರ್ಟು, ಗೇಟಿನ ಮೇಲೆ ‘ಅಡ್ಮಿಷನ್ ಓಪನ್’ ಬ್ಯಾನರು ಕಾಣುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಈ ಶೆಡ್ಡುಗಳು ಎದ್ದಿವೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಯಾವುದೋ ಒಂದು ಅಕಾಡೆಮಿಯನ್ನಲ್ಲ, ಹೈಸ್ಕೂಲ್ ಮಕ್ಕಳಿಗೆ ಖಾಸಗಿ ಬ್ಯಾಡ್ಮಿಂಟನ್ ಕೋಚಿಂಗ್ ಎಂಬ ಸೇವೆಯನ್ನೇ. ಮಗುವನ್ನು ಜಿಲ್ಲಾ ಮಟ್ಟ, ರಾಜ್ಯ ಮಟ್ಟದಲ್ಲಿ ಆಡಿಸಬೇಕೆಂದು ಹೊರಟ ಅಪ್ಪ ಅಮ್ಮ ಕೊಡುವ ದುಡ್ಡಿಗೆ ಕೈಗೆ ಬರುವುದೇನು, ಬಾರದಿರುವುದೇನು ಎಂಬ ಲೆಕ್ಕ ಇದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ‘ಕೋಚಿಂಗ್’ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವುದು ಮೂರು ಸರಕು: ಕಾಕ್ (ಶಟಲ್‌ಕಾಕ್) ಹೊಡೆಯುವ ನಿಮಿಷಗಳು, ಹೊಡೆಯಲು ಬೇಕಾದ ಕಾಕುಗಳು, ಮತ್ತು ಟೂರ್ನಮೆಂಟ್ ಆಡುವ ಅವಕಾಶ. ಮೊದಲನೆಯದನ್ನು ಅಳೆದೂ ಸುರಿದೂ ಕೊಡುತ್ತಾರೆ, ಎರಡನೆಯದಕ್ಕೆ ಎಷ್ಟೋ ಕಡೆ ಬೇರೆ ಬಿಲ್ಲು, ಮೂರನೆಯದು ಪೂರ್ತಿ ಮನೆಯವರ ತಲೆಯ ಮೇಲೆ. ಶಾಲಾ ಕ್ರೀಡಾಕೂಟದಲ್ಲಿ ಪದಕ ಯಾರ ಕೊರಳಿಗೆ ಬೀಳುತ್ತದೆ ಎನ್ನುವುದು ಬಹುಪಾಲು ಈ ಮೂರರಲ್ಲೇ ತೀರ್ಮಾನವಾಗಿರುತ್ತದೆ.

ನಿಮಿಷದ ಲೆಕ್ಕದಿಂದ ಶುರು ಮಾಡೋಣ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆಯ ಬ್ಯಾಚು ಎಂದರೆ ತಿಂಗಳಿಗೆ 12 ಕ್ಲಾಸು. ಫೀಸು ಏರಿಯಾ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ, 4,000 ರೂಪಾಯಿ ಎಂದು ಇಟ್ಟುಕೊಂಡರೆ ಕ್ಲಾಸಿಗೆ 333 ರೂಪಾಯಿ. ಕೋರ್ಟಿಗೆ ಎಂಟು ಮಕ್ಕಳು, ಒಬ್ಬ ಕೋಚು. ಮೊದಲ ಕಾಲು ಗಂಟೆ ಓಟ, ಸ್ಟ್ರೆಚಿಂಗ್. ಉಳಿದ 45 ನಿಮಿಷ ಕೋಚು ನೆಟ್ಟಿನಾಚೆ ಬುಟ್ಟಿ ಇಟ್ಟುಕೊಂಡು ಒಬ್ಬೊಬ್ಬರಿಗೇ ಕಾಕ್ ಎಸೆದರೆ ಒಂದು ಮಗುವಿನ ಪಾಲಿಗೆ ಬರುವುದು ಐದೂವರೆ ನಿಮಿಷ ಚಿಲ್ಲರೆ. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಲ್ಲುವುದು, ಬಿದ್ದ ಕಾಕು ಆರಿಸುವುದು. ಅಂದರೆ ರ‍್ಯಾಕೆಟ್ಟಿಗೆ ಕಾಕ್ ತಾಗುವ ಒಂದು ನಿಮಿಷಕ್ಕೆ ಸುಮಾರು 60 ರೂಪಾಯಿ.

ಇದೇ ಶೆಡ್ಡಿನಲ್ಲಿ ಗಂಟೆಗೆ 1,000 ರೂಪಾಯಿಯ ‘ಪರ್ಸನಲ್ ಕೋಚಿಂಗ್’ ಎಂಬ ಬೋರ್ಡೂ ಇರುತ್ತದೆ. ಕೇಳಿದ ಕೂಡಲೇ ದುಬಾರಿ ಎನ್ನಿಸುತ್ತದೆ. ಆದರೆ ಅಲ್ಲಿ ಆ 45 ನಿಮಿಷವೂ ಒಂದೇ ಮಗುವಿನದು, ನಿಮಿಷಕ್ಕೆ ಬೀಳುವುದು 22 ರೂಪಾಯಿ. ದುಡ್ಡಿರುವ ಮನೆಯ ಮಗು ಎರಡು ವರ್ಷದಲ್ಲಿ ಹಾರಿದಷ್ಟು ದೂರ ಬ್ಯಾಚಿನ ಮಗು ಯಾಕೆ ಹಾರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳಲ್ಲಿದೆ. ಕೈಯಲ್ಲಿ ಹೆಚ್ಚು ದುಡ್ಡಿದ್ದವರಿಗೆ ನಿಮಿಷ ಸೋವಿಯಾಗಿ ಸಿಗುತ್ತದೆ. ತಿಂಗಳಿಗೆ 4,000ದ ಮೇಲೆ ಹಾಕಲಾರದ ಮನೆಯವರು ಮಾಡಬಹುದಾದ ಒಂದು ಉಪಾಯವಿದೆ: ಒಂದೇ ಮಟ್ಟದ ಇಬ್ಬರು ಮಕ್ಕಳನ್ನು ಜೋಡಿ ಮಾಡಿ, ಪರ್ಸನಲ್ ಗಂಟೆಯನ್ನು ಹಂಚಿಕೊಳ್ಳುವುದು. ವಾರಕ್ಕೆ ಎರಡು ಗಂಟೆ, ತಲೆಗೆ 500ರಂತೆ ತಿಂಗಳಿಗೆ ಎಂಟು ಕ್ಲಾಸಿಗೆ ಅದೇ 4,000. ಒಬ್ಬ ಹೊಡೆಯುವಾಗ ಇನ್ನೊಬ್ಬನಿಗೆ ಉಸಿರು ತೆಗೆದುಕೊಳ್ಳಲು ಬಿಡುವು. ತಿಂಗಳಿಗೆ ಒಂದು ಗಂಟೆ ಚಿಲ್ಲರೆ ಇದ್ದ ಹೊಡೆತದ ಹೊತ್ತು ಮೂರು ಗಂಟೆಯಾಗುತ್ತದೆ. ಬಹಳಷ್ಟು ಕೋಚುಗಳು ಇದಕ್ಕೆ ಒಪ್ಪುತ್ತಾರೆ, ತಾವಾಗಿ ಹೇಳುವುದಿಲ್ಲ ಅಷ್ಟೆ.

ಎಂಟು ಮಕ್ಕಳಿದ್ದ ಮಾತ್ರಕ್ಕೆ ಬ್ಯಾಚು ಕೆಟ್ಟದ್ದೂ ಅಲ್ಲ. ಜಾಣ ಕೋಚು ಕೋರ್ಟನ್ನು ಉದ್ದಕ್ಕೆ ಎರಡು ಮಾಡಿ, ಅರ್ಧ ಕೋರ್ಟಿನಲ್ಲಿ ಇಬ್ಬಿಬ್ಬರಂತೆ ನಾಲ್ವರನ್ನು ಒಟ್ಟಿಗೆ ಆಡಿಸುತ್ತಾನೆ. ಉಳಿದ ನಾಲ್ವರು ಬದಿಯಲ್ಲಿ ಸ್ಕಿಪ್ಪಿಂಗು, ಶ್ಯಾಡೋ. ಆಗ ಪ್ರತಿ ಮಗುವಿಗೆ 22 ನಿಮಿಷ ಸಿಗುತ್ತದೆ. ಆದ್ದರಿಂದ ‘ಬ್ಯಾಚಲ್ಲಿ ಎಷ್ಟು ಜನ’ ಎಂದು ಕೇಳುವುದಕ್ಕಿಂತ ‘ಒಂದೇ ಹೊತ್ತಿಗೆ ಎಷ್ಟು ಮಕ್ಕಳ ಕೈಯಲ್ಲಿ ಕಾಕ್ ಆಡುತ್ತಿರುತ್ತದೆ’ ಎಂದು ಗೋಡೆಗೆ ಒರಗಿ ನಿಂತು ಎಣಿಸುವುದು ಮೇಲು. ಫೋನಿನ ಸ್ಟಾಪ್‌ವಾಚ್ ಹಿಡಿದು ಒಂದೇ ಮಗುವನ್ನು ಹತ್ತು ನಿಮಿಷ ಗಮನಿಸಿದರೆ ಬ್ಯಾನರು ಹೇಳದ ಸತ್ಯ ತಿಳಿಯುತ್ತದೆ. ಇನ್ನು ಅರ್ಧ ಗಂಟೆ ಬರೀ ಶ್ಯಾಡೋ ಮಾಡಿಸುವ ಕಡೆ ಫೀಸು ಕೊಡಬೇಡಿ. ಕಾಕ್ ಇಲ್ಲದೆ ಕೋರ್ಟಿನ ಆರು ಮೂಲೆಗೆ ಓಡಿ ನಡುವಿಗೆ ಬರುವ ಆ ಕಸರತ್ತು ಬಹಳ ಉಪಯುಕ್ತ, ಅನುಮಾನವಿಲ್ಲ. ಆದರೆ ಅದನ್ನು ಮನೆಯ ತಾರಸಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು, 20 ಸೆಕೆಂಡು ಓಟ, 40 ಸೆಕೆಂಡು ಬಿಡುವು ಎಂದು ಹತ್ತು ಸುತ್ತು ಮಾಡಿದರೂ ಫಲ ಅದೇ.

ಬೋರ್ಡಿನ ಮೇಲಿರುವ ಹೆಸರು ಕೋರ್ಟಿನೊಳಗೆ ಇರುವುದು ಅಪರೂಪ. ಮಾಜಿ ಆಟಗಾರರ ಹೆಸರಿನಲ್ಲಿ ನಡೆಯುವ ಎಷ್ಟೋ ಕೇಂದ್ರಗಳಲ್ಲಿ ಹೈಸ್ಕೂಲ್ ಬ್ಯಾಚನ್ನು ನೋಡಿಕೊಳ್ಳುವುದು ಇಪ್ಪತ್ತು, ಇಪ್ಪತ್ತೆರಡರ ಹುಡುಗ ಹುಡುಗಿಯರು. ಅದೇನೂ ತಪ್ಪಲ್ಲ, ನಿನ್ನೆ ಮೊನ್ನೆಯವರೆಗೆ ರಾಜ್ಯ ಮಟ್ಟದಲ್ಲಿ ಆಡಿದವರ ಕಾಲು ಇನ್ನೂ ಚುರುಕು, ಮಕ್ಕಳಿಗೆ ಒಳ್ಳೆಯ ರ‍್ಯಾಲಿ ಕೊಡುತ್ತಾರೆ. ಕೇಳಬೇಕಾದದ್ದು ಇಷ್ಟು: ಕಲಿಸುವ ತರಬೇತಿ ಆಗಿದೆಯೇ? ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಅಥವಾ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನಿನ ಲೆವೆಲ್ 1 ಸರ್ಟಿಫಿಕೇಟು ಇದ್ದರೆ ಕನಿಷ್ಠ ಪಾಠದ ಕ್ರಮ ಗೊತ್ತಿರುತ್ತದೆ.

ಕಲಿಸುವವರ ಗುಣಮಟ್ಟ ಮೊದಲು ಕಾಣುವುದು ಗ್ರಿಪ್ಪಿನಲ್ಲಿ. ಮಕ್ಕಳು ರ‍್ಯಾಕೆಟ್ಟನ್ನು ದೋಸೆ ಕಾವಲಿಯ ಹಿಡಿ ಹಿಡಿದಂತೆ ಚಪ್ಪಟೆಯಾಗಿ ಹಿಡಿಯುತ್ತಾರೆ. ಹಾಗೆ ಹಿಡಿದು ಅಂಡರ್-11ರಲ್ಲಿ ಪಂದ್ಯ ಗೆಲ್ಲಬಹುದು, ಯಾಕೆಂದರೆ ಎದುರಿನವನಿಗೂ ಕಾಕನ್ನು ಹಿಂದಿನ ಗೆರೆಗೆ ಕಳಿಸುವಷ್ಟು ಬಲವಿರುವುದಿಲ್ಲ. ಅಂಡರ್-15ಕ್ಕೆ ಬರುವಷ್ಟರಲ್ಲಿ ಬ್ಯಾಕ್‌ಹ್ಯಾಂಡ್ ಮೂಲೆಗೆ ಬಿದ್ದ ಕಾಕೆಲ್ಲ ಪಾಯಿಂಟಾಗಿ ಹೋಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಂಗ್ಲಿಷಿನ ‘ವಿ’ ಮೂಡುವ ಹಿಡಿತವನ್ನು ಒಳ್ಳೆಯ ಕೋಚು ಮೊದಲ ಎರಡು ತಿಂಗಳಲ್ಲೇ ಕೂರಿಸುತ್ತಾನೆ. ಹಿಡಿತ ಬದಲಾದ ಮೇಲೆ ಮಗು ಕೆಲವು ವಾರ ಸೋಲುತ್ತದೆ. ಮನೆಯವರು ಮುನಿಸಿಕೊಂಡು ಬೇರೆ ಅಕಾಡೆಮಿಗೆ ಹೋಗಿಬಿಡುತ್ತಾರೆ ಎಂಬ ಹೆದರಿಕೆಗೆ ಹಿಡಿತವನ್ನು ಮುಟ್ಟದೆ ಬಿಡುವ ಕೋಚುಗಳು ಬಹಳ ಜನ. ಈ ಒಂದು ದೋಷದಲ್ಲಿ ಫೀಸು ಕೊಡುವವರ ಪಾಲೂ ಇದೆ.

ನೆಲಕ್ಕೆ ಬರೋಣ. ಮ್ಯಾಟು ಹಸಿರಾಗಿದೆ ಎಂದು ನೋಡಿ ಸಮಾಧಾನಪಟ್ಟರೆ ಸಾಲದು, ಅದರ ಕೆಳಗೇನಿದೆ ಎಂಬುದು ಮುಖ್ಯ. ಸರಿಯಾದ ಕೋರ್ಟಿನಲ್ಲಿ ಮರದ ಪಟ್ಟಿಗಳ ಅಡ್ಡ ಹಂದರ, ಅದರ ಕೆಳಗೆ ರಬ್ಬರ್ ಗುಂಡು, ಮೇಲೆ ಪ್ಲೈವುಡ್, ಅದರ ಮೇಲೆ ಸಿಂಥೆಟಿಕ್ ಮ್ಯಾಟ್. ಖರ್ಚು ಉಳಿಸುವವರು ಸಿಮೆಂಟಿನ ಮೇಲೇ ಮ್ಯಾಟು ಹಾಸುತ್ತಾರೆ. ಹಿಮ್ಮಡಿಯಿಂದ ಜೋರಾಗಿ ತುಳಿಯಿರಿ: ಕೆಳಗೆ ಪೊಳ್ಳು ಸದ್ದು ಬಂದು ನೆಲ ತುಸು ಕೊಟ್ಟಂತಾದರೆ ಮರವಿದೆ, ‘ಠಪ್’ ಎಂದು ಹಿಮ್ಮಡಿಗೇ ಪೆಟ್ಟು ಬಿದ್ದರೆ ಸಿಮೆಂಟು. ಹನ್ನೆರಡರಿಂದ ಹದಿನೈದರ ನಡುವೆ ಮಕ್ಕಳ ಮೂಳೆ ಬೇಗ ಬೆಳೆಯುತ್ತದೆ, ಸ್ನಾಯು ಅಷ್ಟು ಬೇಗ ಉದ್ದವಾಗುವುದಿಲ್ಲ. ಗಟ್ಟಿ ನೆಲದ ಮೇಲೆ ದಿನಾ ಹಾರಿ ಇಳಿದರೆ ಮೊಣಕಾಲು ಚಿಪ್ಪಿನ ಕೆಳಗೆ ಗಂಟಿನಂಥ ಊತ, ಹಿಮ್ಮಡಿಯ ಹಿಂದೆ ನೋವು ಶುರುವಾಗುತ್ತದೆ. ‘ಬೆಳೆಯೋ ಮಕ್ಕಳಿಗೆ ಇದ್ದದ್ದೇ’ ಎಂದು ಆಡಿಸಿದರೆ ತಿಂಗಳುಗಟ್ಟಲೆ ಕೂರಿಸಬೇಕಾಗುತ್ತದೆ. ಕೂತ ತಿಂಗಳಿಗೆ ಫೀಸು ವಾಪಸು ಬರುವುದಿಲ್ಲ, ಫಿಸಿಯೋಥೆರಪಿಯ ಬಿಲ್ಲು ಬೇರೆ.

ಚಾವಣಿಯ ಎತ್ತರವೂ ಆಟವನ್ನು ತಿದ್ದುತ್ತದೆ ಅಥವಾ ಕೆಡಿಸುತ್ತದೆ. ಒಂಬತ್ತು ಮೀಟರ್ ಇದ್ದರೆ ನಿಶ್ಚಿಂತೆ. ಆರು ಮೀಟರಿನ ಶೆಡ್ಡಿನಲ್ಲಿ ಕಲಿತ ಮಗು ಎತ್ತರಕ್ಕೆ ಎತ್ತುವುದನ್ನೇ ಕಲಿಯುವುದಿಲ್ಲ. ತೊಲೆಗೆ ತಗುಲುತ್ತದೆ ಎಂಬ ಅಂಜಿಕೆಯಲ್ಲಿ ಎಲ್ಲ ಹೊಡೆತವೂ ಚಪ್ಪಟೆ. ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಕಾಕನ್ನು ಮೇಲೆತ್ತಿ ಹೊತ್ತು ಗಳಿಸುವ ವಿದ್ಯೆ ರಾಜ್ಯ ಮಟ್ಟದ ದೊಡ್ಡ ಹಾಲಿನಲ್ಲಿ ಬೇಕಾದಾಗ ಕೈಯಲ್ಲಿರುವುದಿಲ್ಲ. ದೀಪ ಕೋರ್ಟಿನ ನೆತ್ತಿಯ ಮೇಲಿರದೆ ಪಕ್ಕದಲ್ಲಿರಬೇಕು, ಇಲ್ಲವಾದರೆ ಸ್ಮ್ಯಾಷಿಗೆ ತಲೆ ಎತ್ತಿದಾಗ ಕಣ್ಣು ಕೋರೈಸುತ್ತದೆ.

ಕಾಕು. ಈ ಆಟದಲ್ಲಿ ದುಡ್ಡು ಕಣ್ಣೆದುರೇ ಉದುರುವುದು ಇಲ್ಲಿ. ಪ್ಲಾಸ್ಟಿಕ್ ಕಾಕು, ಅಂದರೆ ನೈಲಾನಿನದು, ಬ್ಯಾಚಿನ ಮಕ್ಕಳಿಗೆ ವಾರಗಟ್ಟಲೆ ಬಾಳುತ್ತದೆ. ಫೆದರ್ ಕಾಕಿನಲ್ಲಿ ಬಾತು ಇಲ್ಲವೇ ಹೆಬ್ಬಾತಿನ 16 ಗರಿ, ತೂಕ 4.74ರಿಂದ 5.50 ಗ್ರಾಂ. ಎರಡು ಗರಿ ಮುರಿದರೆ ಓಲಾಡುತ್ತದೆ, ಬಿಸಾಡಬೇಕು. ಹೈಸ್ಕೂಲ್ ಮಟ್ಟದ ಒಂದು ಪೂರ್ತಿ ಸಿಂಗಲ್ಸ್ ಪಂದ್ಯಕ್ಕೆ ಮೂರರಿಂದ ಐದು ಕಾಕು ಹೋಗುತ್ತವೆ. ಎರಡೂ ಕಾಕುಗಳ ಹಾರಾಟ ಬೇರೆ ಬೇರೆ: ಫೆದರು ಹೊಡೆದ ಕ್ಷಣ ರಭಸವಾಗಿ ಹೋಗಿ, ಬೇಗ ವೇಗ ಕಳೆದುಕೊಂಡು ಕಡಿದಾಗಿ ಕೆಳಗಿಳಿಯುತ್ತದೆ. ನೈಲಾನು ಒಂದೇ ಸಮನೆ ತೇಲಿ ಉದ್ದಕ್ಕೆ ಹೋಗುತ್ತದೆ, ನೆಟ್ಟಿನ ಬಳಿ ಫೆದರಿನಂತೆ ಮಗುಚುವುದಿಲ್ಲ. ಶಾಲೆಯಂಗಳದಲ್ಲಿ ನೈಲಾನಿನಲ್ಲೇ ಕಲಿತ ಮಗು ಮೇಲಿನ ಮಟ್ಟಕ್ಕೆ ಹೋದಾಗ ಫೆದರು ಕೈಗೆ ಬರುತ್ತದೆ. ಆಗ ಮೊದಲ ಗೇಮು ಪೂರ್ತಿ ಟೈಮಿಂಗ್ ಹುಡುಕುವುದರಲ್ಲೇ ಮುಗಿದಿರುತ್ತದೆ. ಇಪ್ಪತ್ತೊಂದು ಪಾಯಿಂಟಿನ ಆಟದಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಪ್ರತಿಭೆಗೂ ಇದಕ್ಕೂ ಸಂಬಂಧವಿಲ್ಲ, ಕಾಕಿನ ಡಬ್ಬಿಗೆ ದುಡ್ಡಿತ್ತೋ ಇಲ್ಲವೋ ಎಂಬುದಷ್ಟೇ.

ಡಬ್ಬಿ ಕೊಳ್ಳುವಾಗ ಮುಚ್ಚಳದ ಮೇಲಿನ ಸ್ಪೀಡ್ ನಂಬರ್ ನೋಡಿ: 75, 76, 77, 78. ನಂಬರ್ ಹೆಚ್ಚಿದಷ್ಟೂ ವೇಗ. ಸೆಕೆಯಲ್ಲಿ, ಎತ್ತರದ ಊರಿನಲ್ಲಿ ಗಾಳಿ ತೆಳು, ಕಾಕು ತಾನಾಗಿಯೇ ಉದ್ದ ಓಡುತ್ತದೆ, ಕಡಿಮೆ ನಂಬರ್ ಸಾಕು. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿಗೆ ಹೊಂದುವ ಡಬ್ಬಿಯೇ ಮಂಗಳೂರಿಗೂ ಹೊಂದೀತು ಎನ್ನಲಾಗದು. ಪರೀಕ್ಷೆ ಸುಲಭ: ಹಿಂದಿನ ಗೆರೆಯಲ್ಲಿ ನಿಂತು ಕೆಳಗಿನಿಂದ ಪೂರ್ತಿ ಬಲದಿಂದ ಹೊಡೆದರೆ, ಎದುರಿನ ಹಿಂಗೆರೆಗೆ 53ರಿಂದ 99 ಸೆಂಟಿಮೀಟರ್ ಮೊದಲೇ ಬೀಳಬೇಕು. ಒಣ ಹವೆಯಲ್ಲಿ ಗರಿ ಬೇಗ ಮುರಿಯುತ್ತದೆ. ಹಿಂದಿನ ರಾತ್ರಿ ಡಬ್ಬಿಯ ಎರಡೂ ಮುಚ್ಚಳ ತೆಗೆದು, ಕುದಿಯುವ ನೀರಿನ ಹಬೆಗೆ ಗರಿಯ ಕಡೆಯನ್ನು ಕೆಲವು ಸೆಕೆಂಡು ಹಿಡಿದು ಮುಚ್ಚಿಟ್ಟರೆ ಬಾಳಿಕೆ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಕಾರ್ಕಿಗೆ ಹಬೆ ತಾಗಿಸಬೇಡಿ, ತೂಕ ಕೆಡುತ್ತದೆ.

ಈಗ ಇಡೀ ವರ್ಷದ ಪಟ್ಟಿ. ಬೆಂಗಳೂರಿನಲ್ಲಿ ಅಂಡರ್-15 ಟೂರ್ನಮೆಂಟ್ ಆಡುವ ಒಂದು ಮಗು ಎಂದುಕೊಳ್ಳಿ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ವಾರಕ್ಕೆ ಐದು ದಿನದ ಅಡ್ವಾನ್ಸ್ ಬ್ಯಾಚು ತಿಂಗಳಿಗೆ 8,000ದಂತೆ 96,000. ದಿನಕ್ಕೆ ಎರಡು ಫೆದರಿನ ಪಾಲು, ತಿಂಗಳಿಗೆ 20 ದಿನ, ಅಂದರೆ 40 ಕಾಕು. ಹನ್ನೆರಡರ ಡಬ್ಬಿಗೆ 1,500 ಹಿಡಿದರೆ ತಿಂಗಳಿಗೆ 5,000, ವರ್ಷಕ್ಕೆ 60,000. ರಬ್ಬರ್ ತಳದ (ಗಮ್ ಸೋಲ್) ಶೂ ನಾಲ್ಕು ತಿಂಗಳಿಗೆ ಸವೆಯುತ್ತದೆ, ಮೂರು ಜೊತೆಗೆ 12,000. ರ‍್ಯಾಕೆಟ್ ಎರಡು ಬೇಕೇ ಬೇಕು, ಪಂದ್ಯದ ನಡುವೆ ತಂತಿ ಹರಿದರೆ ಕಾಯುವವರಿಲ್ಲ: 10,000. ಗಟ್ಟಿಂಗು, ಅಂದರೆ ರ‍್ಯಾಕೆಟ್ಟಿಗೆ ತಂತಿ ಕಟ್ಟಿಸುವುದು, ತಿಂಗಳಿಗೆ ಎರಡು ಸಲ, 600ರಂತೆ 14,400. ರಾಜ್ಯದೊಳಗೆ ಆರು ಟೂರ್ನಮೆಂಟು 24,000. ಹೊರ ರಾಜ್ಯದಲ್ಲಿ ನಾಲ್ಕು, ಮಗುವಿನ ಜೊತೆ ಒಬ್ಬ ದೊಡ್ಡವರ ರೈಲು, ರೂಮು, ಊಟ ಸೇರಿ 80,000. ಫಿಟ್‌ನೆಸ್, ಫಿಸಿಯೋ ತಿಂಗಳಿಗೆ 2,000ದಂತೆ 24,000. ಕೂಡಿದರೆ 3,20,400. ಅದರಲ್ಲಿ ಬ್ಯಾನರಿನ ಮೇಲಿದ್ದ ಫೀಸು ಮೂರನೇ ಒಂದು ಪಾಲೂ ಇಲ್ಲ. ಬೆಳಿಗ್ಗೆ ಐದೂವರೆಗೆ ಕರೆದೊಯ್ದು ಸಂಜೆ ಮತ್ತೆ ಬಿಟ್ಟು ಬರುವ ಪೆಟ್ರೋಲು, ರಜೆ ಹಾಕಿದ ದಿನಗಳ ಸಂಬಳ ಇದರಲ್ಲಿ ಸೇರಿಲ್ಲ. ಎಷ್ಟೋ ಮನೆಗಳಲ್ಲಿ ಅಮ್ಮ ಕೆಲಸ ಬಿಟ್ಟಿರುತ್ತಾಳೆ; ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಗಟ್ಟಿಂಗಿನ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ದೊಡ್ಡ ಆಟಗಾರರು ತಂತಿಯನ್ನು 28, 30 ಪೌಂಡು ಬಿಗಿಗೆ ಎಳೆಸುತ್ತಾರೆಂದು ಎಂಟನೇ ಕ್ಲಾಸಿನ ಮಗುವಿಗೂ ಅಷ್ಟೇ ಎಳೆಸುವುದು ಸಾಮಾನ್ಯವಾಗಿಬಿಟ್ಟಿದೆ. ಈ ವಯಸ್ಸಿಗೆ 20ರಿಂದ 23 ಪೌಂಡು ಸಾಕು. ಬಿಗಿ ಹೆಚ್ಚಿದಷ್ಟೂ ತಂತಿ ಸಹಾಯ ಮಾಡುವುದಿಲ್ಲ, ಬಲ ಪೂರ್ತಿ ಭುಜದಿಂದ ಬರಬೇಕು, ಮೊಣಕೈ ಭುಜ ನೋಯುತ್ತದೆ. ತಂತಿಯೂ ಬೇಗ ಹರಿಯುತ್ತದೆ. ಇಲ್ಲಿ ಕಡಿಮೆ ಖರ್ಚು ಮಾಡಿದವರ ಮಗುವೇ ಚೆನ್ನಾಗಿ ಆಡುತ್ತದೆ.

ಫೀಸಿಗಿಂತ ದೊಡ್ಡ ಅಂತರ ಹುಟ್ಟುವುದು ಟೂರ್ನಮೆಂಟಿನ ಡ್ರಾದಲ್ಲಿ, ಅಂದರೆ ಯಾರಿಗೆ ಯಾರು ಎದುರು ಎಂಬ ಪಟ್ಟಿಯಲ್ಲಿ. ರ‍್ಯಾಂಕಿಂಗ್ ಅಂಕ ಸಿಗುವುದು ಆಡಿದವರಿಗೆ. ಹತ್ತು ಕಡೆ ಹೋಗಿ ಆಡಿದ ಮಗುವಿಗೆ ಅಂಕ ಕೂಡುತ್ತದೆ, ಎರಡು ಕಡೆ ಮಾತ್ರ ಹೋಗಲಾದ ಮಗು ಅದಕ್ಕಿಂತ ಚೆನ್ನಾಗಿ ಆಡಿದರೂ ಪಟ್ಟಿಯಲ್ಲಿ ಕೆಳಗೇ ಉಳಿಯುತ್ತದೆ. ಅಂಕ ಇದ್ದವರಿಗೆ ಸೀಡಿಂಗು, ಅಂದರೆ ಬಲವುಳ್ಳವರು ಮೊದಲಲ್ಲೇ ಎದುರಾಗದಂತೆ ಡ್ರಾದಲ್ಲಿ ದೂರ ದೂರ ಇಡುವ ಜಾಗ. ಮೂವತ್ತೆರಡರ ಡ್ರಾದಲ್ಲಿ ಎಂಟು ಸೀಡು ಇಟ್ಟರೆ ಆ ಎಂಟೂ ಮಕ್ಕಳು ಕ್ವಾರ್ಟರ್ ಫೈನಲ್ಲಿನವರೆಗೆ ಪರಸ್ಪರ ಎದುರಾಗುವುದಿಲ್ಲ. ಅಂದರೆ ಮೊದಲ ಎರಡು ಸುತ್ತು ಹಗುರ, ಮತ್ತೆ ಅಂಕ, ಮುಂದಿನ ಟೂರ್ನಿಯಲ್ಲಿ ಮತ್ತೆ ಸೀಡು. ಅಂಕವಿಲ್ಲದ ಮಗು ಕ್ವಾಲಿಫೈಯಿಂಗ್ ಸುತ್ತುಗಳಲ್ಲಿ ದಣಿದು ಮುಖ್ಯ ಡ್ರಾಗೆ ಬಂದರೆ ಮೊದಲ ಸುತ್ತಿನಲ್ಲೇ ಸೀಡೆಡ್ ಆಟಗಾರ ಕಾದಿರುತ್ತಾನೆ. ಮೂರು ದಿನ ರಜೆ, ರೈಲು ಟಿಕೆಟ್, ಲಾಡ್ಜು, ಇಷ್ಟಕ್ಕೆ ಆಡಿದ್ದು 25 ನಿಮಿಷ. ಹಾಗೆ ಎರಡು ಸಲ ಆದ ಮೇಲೆ ಮೂರನೆಯ ಸಲಕ್ಕೆ ದುಡ್ಡು ಕೂಡಿಸುವ ಧೈರ್ಯ ಎಲ್ಲ ಮನೆಗಳಿಗೂ ಇರುವುದಿಲ್ಲ. ಹೀಗೆ ಹಿಂದೆ ಸರಿದ ಮಕ್ಕಳನ್ನು ‘ಸೀರಿಯಸ್ ಇರಲಿಲ್ಲ’ ಎಂದು ಅಕಾಡೆಮಿಯವರು ಹೇಳುವುದುಂಟು, ಅದು ಅನ್ಯಾಯದ ಮಾತು.

ಶಾಲಾ ಕ್ರೀಡಾಕೂಟದ ದಾರಿ ಬೇರೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. 14, 17, 19 ವರ್ಷದೊಳಗಿನವರೆಂದು ವಿಭಾಗ. ಈ ಮೆಟ್ಟಿಲು ಎಲ್ಲರಿಗೂ ಒಂದೇ ಎಂದು ಕಾಣುತ್ತದೆ. ಆದರೆ ಸಿಬಿಎಸ್‌ಇ, ಸಿಐಎಸ್‌ಸಿಇ (ಐಸಿಎಸ್‌ಇ ಪರೀಕ್ಷೆ ನಡೆಸುವ) ಮಂಡಳಿಗಳು, ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ಸಂಸ್ಥೆಗಳು ತಮ್ಮದೇ ಕೂಟ ನಡೆಸಿ, ರಾಜ್ಯಗಳಂತೆಯೇ ತಮ್ಮದೇ ತಂಡಗಳನ್ನು ರಾಷ್ಟ್ರೀಯ ಕೂಟಕ್ಕೆ ಕಳಿಸುತ್ತವೆ. ಹೀಗಾಗಿ ಫೀಸು ಕಟ್ಟುವ ಸಿಬಿಎಸ್‌ಇ ಶಾಲೆಯ ಮಗುವಿಗೆ ರಾಷ್ಟ್ರ ಮಟ್ಟಕ್ಕೆ ಇನ್ನೊಂದು ಬಾಗಿಲು ಇದೆ, ಸರ್ಕಾರಿ ಪ್ರೌಢಶಾಲೆಯ ಮಗುವಿಗೆ ಹೋಬಳಿಯಿಂದ ಹತ್ತುವುದೊಂದೇ ದಾರಿ. ಶಾಲೆ ಆಯ್ಕೆ ಮಾಡುವಾಗ ಯಾರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತಾಲ್ಲೂಕು ಮಟ್ಟದಲ್ಲಿ ಶಟಲ್ ಬ್ಯಾಡ್ಮಿಂಟನ್ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಕಬಡ್ಡಿ, ಖೋ ಖೋ, ವಾಲಿಬಾಲಿಗೆ ಮೈದಾನದ ತುಂಬ ತಂಡಗಳಿದ್ದರೆ, ಶಟಲ್ಲಿಗೆ ಬೆರಳೆಣಿಕೆಯ ಶಾಲೆಗಳು. ಕೋಚಿಂಗಿಗೆ ಹೋಗುವ ಒಂದು ಮಗು ಇದ್ದರೆ ಅದು ನೇರ ಜಿಲ್ಲೆಗೆ. ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು, ನಮ್ಮ ಪಿ.ಟಿ. ಮೇಷ್ಟ್ರು, ಒಬ್ಬರೇ ಎಲ್ಲ ಆಟ, ಎಲ್ಲ ತರಗತಿ ನೋಡಿಕೊಳ್ಳಬೇಕು. ಒಳಾಂಗಣ ಕೋರ್ಟು ಬೇಕಾದ, ಇಬ್ಬರೇ ಆಡುವ ಆಟಕ್ಕಿಂತ ಹನ್ನೆರಡು ಮಕ್ಕಳನ್ನು ಒಟ್ಟಿಗೆ ಕಟ್ಟಿಹಾಕುವ ಆಟವನ್ನೇ ಅವರು ಆರಿಸುತ್ತಾರೆ. ಸರಿಯಾದ ಆಯ್ಕೆಯೇ. ಹಳ್ಳಿಯ ಶಾಲೆಗಳು ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಮಿಂಚುವುದೂ ಇದೇ ಕಾರಣಕ್ಕೆ: ಮಣ್ಣಿನ ಅಂಕಣ, ಬಯಲು, ಹಳದಿ ಉಣ್ಣೆಯ ಚೆಂಡು, ಐವರ ತಂಡ. ಒಂದು ಚೆಂಡು ಎಷ್ಟು ದಿನ ಬರುತ್ತದೆ ಎಂಬುದನ್ನು ಮೇಲಿನ 40 ಕಾಕಿನ ಪಕ್ಕ ಇಟ್ಟು ನೋಡಿ.

ಖೋ ಖೋದಲ್ಲಿ ದುಡ್ಡಿನ ಕೈ ಇನ್ನೂ ಮೋಟು. ಎರಡು ಕಂಬ, 27 ಮೀಟರ್ ಉದ್ದ 16 ಮೀಟರ್ ಅಗಲದ ಬಯಲು, ಬೆಳಿಗ್ಗೆ ಸಂಜೆ ನಿಂತು ಆಡಿಸುವ ಒಬ್ಬ ಮೇಷ್ಟ್ರು ಇದ್ದರೆ ಊರು ಗೆಲ್ಲುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಚೈತ್ರಾ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕಬಡ್ಡಿ ಇತ್ತೀಚೆಗೆ ಮಧ್ಯದಲ್ಲಿ ಬಂದು ನಿಂತಿದೆ. ಮಣ್ಣಿನಲ್ಲಿ ಕಲಿತ ಮಕ್ಕಳನ್ನು ಮೇಲಿನ ಹಂತದಲ್ಲಿ ಮ್ಯಾಟಿನ ಮೇಲೆ ಇಳಿಸುತ್ತಾರೆ. ಬರಿಗಾಲಿಗೆ ಹಿಡಿತ ಸಿಗದೆ ಜಾರುತ್ತಾರೆ, ಮೊಣಕಾಲು ತರಚಿಕೊಳ್ಳುತ್ತಾರೆ. ಮ್ಯಾಟ್ ಶೂ, ಅಭ್ಯಾಸಕ್ಕೆ ಮ್ಯಾಟು ಇದ್ದ ಶಾಲೆ ಅಲ್ಲಿಂದ ಮುಂದೆ ಹೋಗುತ್ತದೆ. ಇನ್ನು ಈಜು ಶಟಲ್ಲಿಗಿಂತ ದುಬಾರಿ, ಕೊಳದ ಹತ್ತಿರ ಮನೆ ಇರುವುದೇ ಅರ್ಧ ಅರ್ಹತೆ.

‘ಮೊದಲೆಲ್ಲ ಹೀಗಿರಲಿಲ್ಲ, ಪ್ರಕಾಶ್ ಪಡುಕೋಣೆ ಮದುವೆ ಹಾಲಿನಲ್ಲಿ ಕಲಿತರು’ ಎಂಬ ಮಾತು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ, ಮದುವೆಯಿಲ್ಲದ ದಿನ ನೋಡಿಕೊಂಡು ಅವರು ಆಡಿದ್ದು, 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದದ್ದು ಎರಡೂ ನಿಜ. ಅವರ ತಂದೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು ಎಂಬುದೂ ಅಷ್ಟೇ ನಿಜ, ಅದನ್ನು ಮಾತ್ರ ಹೇಳುವವರು ಮರೆಯುತ್ತಾರೆ. ಆಡಿದ ಹಾಲ್ ಬಡವಾಗಿತ್ತು, ಮನೆಯಲ್ಲಿ ಆಟದ ತಿಳಿವಳಿಕೆ ಬಡವಾಗಿರಲಿಲ್ಲ. ಇವತ್ತು ಆ ತಿಳಿವಳಿಕೆಯನ್ನು ಗಂಟೆಗಿಷ್ಟು ಎಂದು ಕೊಳ್ಳಬೇಕಾಗಿದೆ.

ಪರ್ಯಾಯಗಳಿಲ್ಲವೇ? ಇವೆ, ಸುತ್ತುದಾರಿ. ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳು, ಬೆಂಗಳೂರು ಬಳಿಯ ವಿದ್ಯಾನಗರ ಮತ್ತು ಕೊಡಗಿನ ಕೂಡಿಗೆಯ ಕ್ರೀಡಾ ಶಾಲೆಗಳು ಊಟ, ವಸತಿ, ತರಬೇತಿ ಕೊಟ್ಟು ಓದಿಸುತ್ತವೆ. ಅವುಗಳ ಒತ್ತು ಅಥ್ಲೆಟಿಕ್ಸ್, ಹಾಕಿ, ವಾಲಿಬಾಲ್, ಕುಸ್ತಿಯಂಥ ಆಟಗಳ ಮೇಲೆ. ಶಟಲ್ಲಿಗೆ ಅಷ್ಟು ಜಾಗವಿಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ವಿದ್ಯಾರ್ಥಿವೇತನ ವರ್ಷಕ್ಕೆ 6.28 ಲಕ್ಷ, ಅದರಲ್ಲಿ 1.20 ಲಕ್ಷ ಕೈಖರ್ಚಿಗೆ. ಮೇಲಿನ ನಮ್ಮ ಪಟ್ಟಿಯನ್ನು ಪೂರ್ತಿ ನುಂಗಿ ಮಿಗುವಷ್ಟು ದೊಡ್ಡ ಮೊತ್ತ. ಆದರೆ ಅದು ಸಿಗುವುದು ರಾಷ್ಟ್ರ ಮಟ್ಟದಲ್ಲಿ ಕಣ್ಣಿಗೆ ಬಿದ್ದ ಮೇಲೆ. ಅಲ್ಲಿಗೆ ಮುಟ್ಟುವ ಮೂರು ನಾಲ್ಕು ವರ್ಷದ ಖರ್ಚು ಮನೆಯದೇ. ಜಿಲ್ಲಾ ಕ್ರೀಡಾಂಗಣದ ಒಳಾಂಗಣ ಕೋರ್ಟು ಇರುವ ಊರಿನವರು ಖಾಸಗಿ ಶೆಡ್ಡಿಗೆ ಮೊದಲು ಅಲ್ಲಿ ವಿಚಾರಿಸಿ. ಮರದ ನೆಲ, ಎತ್ತರದ ಚಾವಣಿ, ಕಡಿಮೆ ಶುಲ್ಕ. ದೊಡ್ಡವರು ಬೆಳಗಿನ ಹೊತ್ತು ಹಿಡಿದುಕೊಂಡಿರುತ್ತಾರೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಸಾಮಾನ್ಯವಾಗಿ ಖಾಲಿ.

ಹಾಗಾದರೆ ಈ ಸೇವೆ ಯಾರಿಗೆ ತಕ್ಕದ್ದು? ಐದು, ಆರನೇ ಕ್ಲಾಸಿನಲ್ಲಿ ಹಿಡಿತ, ಕಾಲಿನ ನಡೆ ಕಲಿಯಲು ಒಂದು ವರ್ಷದ ಮಟ್ಟಿಗೆ ಬ್ಯಾಚು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎಂಟನೇ ಕ್ಲಾಸಿಗೆ ಬಂದು ‘ಶಾಲಾ ತಂಡಕ್ಕೆ ಸೇರಬೇಕು’ ಎನ್ನುವ ಮಗುವಿಗೆ ಜೋಡಿಯ ಪರ್ಸನಲ್ ಗಂಟೆಯ ಜೊತೆ ವಾರಾಂತ್ಯಕ್ಕೆ ಬಾಡಿಗೆ ಕೋರ್ಟಿನಲ್ಲಿ ಪಂದ್ಯ ಸಾಕು. ರಾಜ್ಯ ರ‍್ಯಾಂಕಿಂಗ್ ಗುರಿಯಾದರೆ ಮೂರು ಲಕ್ಷದ ಪಟ್ಟಿಯನ್ನು ಮೂರು ವರ್ಷಕ್ಕೆ ಗುಣಿಸಿ, ಆಮೇಲೆ ಮಾತಾಡಿ. ಒಂಬತ್ತನೇ ಕ್ಲಾಸಿನ ಕೊನೆಗೆ ಎಸ್ಸೆಸ್ಸೆಲ್ಸಿ ಹೆಸರಿನಲ್ಲಿ ನಿಲ್ಲಿಸುವುದು ಖಚಿತ ಎಂದಿರುವ ಮನೆಯವರು ಏಳನೇ ಕ್ಲಾಸಿನಲ್ಲಿ ವರ್ಷದ ಪ್ಯಾಕೇಜು ಕಟ್ಟುವುದು ವ್ಯರ್ಥ. ಇನ್ನೊಂದು: ವಯಸ್ಸಿನ ಲೆಕ್ಕ ಜನವರಿ 1ಕ್ಕೆ. ನವೆಂಬರ್, ಡಿಸೆಂಬರಿನಲ್ಲಿ ಹುಟ್ಟಿದ ಮಗು ತನಗಿಂತ ಹತ್ತು ಹನ್ನೊಂದು ತಿಂಗಳು ದೊಡ್ಡ, ಒಂದು ಗೇಣು ಎತ್ತರದ ಮಕ್ಕಳ ಎದುರು ಆಡುತ್ತಿರುತ್ತದೆ. ಅಂಥ ಮಗುವನ್ನು ಅಂಡರ್-13ರ ಸೋಲು ನೋಡಿ ಅಳೆಯಬೇಡಿ. ಅಳೆಯುವ ಕೋಚಿನ ಹತ್ತಿರ ಇರಿಸಲೂ ಬೇಡಿ.

ಸೇರಿಸುವುದಾದರೆ ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರ ನೋಡಿ ತೀರ್ಮಾನಿಸಬೇಡಿ. ಆಗ ಕೋರ್ಟಿಗೆ ಹದಿನೈದು ಮಕ್ಕಳು, ತಾತ್ಕಾಲಿಕ ಕೋಚುಗಳು. ಜೂನ್ ಕೊನೆಯ ಒಂದು ಮಂಗಳವಾರವೋ ಬುಧವಾರವೋ, ಮಳೆ ಬಿದ್ದ ಸಂಜೆ ಹೋಗಿ. ತಗಡು ಸೋರುತ್ತದೆಯೇ, ಮ್ಯಾಟು ಒದ್ದೆಯಾಗಿ ಜಾರುತ್ತದೆಯೇ, ಕರೆಂಟು ಹೋದರೆ ದೀಪ ಎಷ್ಟು ಹೊತ್ತಿಗೆ ಬರುತ್ತದೆ, ಹುಡುಗಿಯರ ಬ್ಯಾಚಿನಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೇ ಎಲ್ಲ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಮೂರು ತಿಂಗಳ ಮುಂಗಡ ಕೇಳಿದರೆ ಮೊದಲ ತಿಂಗಳು ಮಾತ್ರ ಕಟ್ಟುತ್ತೇವೆ ಎನ್ನಿ, ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ. ರಸೀದಿಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಕೋರ್ಟಿಗೆ ಗರಿಷ್ಠ ಎಷ್ಟು ಮಕ್ಕಳು, ಕಾಕು ಫೀಸಿನಲ್ಲಿ ಸೇರಿದೆಯೋ ಇಲ್ಲವೋ, ಶಾಲಾ ಪರೀಕ್ಷೆಗೆ ಅಥವಾ ಗಾಯಕ್ಕೆ ತಪ್ಪಿದ ಕ್ಲಾಸನ್ನು ಯಾವಾಗ ತುಂಬಿಕೊಡುತ್ತಾರೆ.